ಹಲಗಲಿಯ ಬಂದೂಕು, ಕೊಡಗಿನ ತೋಕು

ವಿಜಯಪುರ ಜಿಲ್ಲೆಯ ನಿಡೋಣಿಯಂಥ ಊರಿನಲ್ಲಿ ಬಂದೂಕು ಕಣ್ಣಿಗೆ ಬೀಳುವುದು ಅಪರೂಪ. ಬಬಲೇಶ್ವರಕ್ಕೋ ವಿಜಯಪುರಕ್ಕೋ ಹೋದಾಗ ಬ್ಯಾಂಕಿನ ಬಾಗಿಲಲ್ಲಿ ಕೂತ ಮಾಜಿ ಸೈನಿಕನ ಹೆಗಲ ಮೇಲೊಂದು ಜೋಡಿ ನಳಿಗೆ, ಚುನಾವಣೆಯ ದಿನ ಶಾಲೆಯ ಮುಂದೆ ನಿಂತ ಪೊಲೀಸರ ಕೈಯಲ್ಲೊಂದು ರೈಫಲ್, ಜಾತ್ರೆಯಲ್ಲಿ ಬಲೂನು ಒಡೆಯುವ ಏರ್‌ಗನ್, ಅಷ್ಟೆ. ಜೋಳ ತೆನೆಗಟ್ಟಿದಾಗ ಹಕ್ಕಿ ಓಡಿಸಲು ನಮ್ಮವರು ಕವಣಿ ಬೀಸುತ್ತಾರೆ, ಡಬ್ಬಿ ಬಾರಿಸುತ್ತಾರೆ. ದ್ರಾಕ್ಷಿ ಪಡಕ್ಕೆ ಬಲೆ ಹಾಕುತ್ತಾರೆ. ಖಂಡೇಪೂಜೆಯ ದಿನ ದೇವರ ಮುಂದೆ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಸ್ಪ್ಯಾನರು ಕೂರುತ್ತವೆ. ಯಾವುದೋ ಮನೆಯಲ್ಲಿ ಲೈಸೆನ್ಸ್ ಬಂದೂಕು ಇದೆ ಎಂದರೆ ಅದು ಹಳೆಯ ವಾಡೆಯ ಮಾತು, ಅಜ್ಜನ ಕಾಲದ ದೌಲತ್ತಿನ ಮಾತು.

ಇದೇ ಸೀಮೆಯ ಹುಡುಗ ಸಾಫ್ಟ್‌ವೇರ್ ಕೆಲಸಕ್ಕೆಂದು ಟೆಕ್ಸಾಸಿಗೆ ಹೋದರೆ, ಹಾಲು ಬ್ರೆಡ್ಡು ಕೊಳ್ಳಲು ಹೋದ ಅಂಗಡಿಯ ಇನ್ನೊಂದು ಸಾಲಿನಲ್ಲೇ ರೈಫಲುಗಳನ್ನು ಕಾಣುತ್ತಾನೆ. ಅವನ ಮಗು ಬಾಲವಾಡಿಯ ವಯಸ್ಸಿನಲ್ಲೇ, ಬಂದೂಕುಧಾರಿ ಶಾಲೆಗೆ ನುಗ್ಗಿದರೆ ಬಾಗಿಲು ಹಾಕಿಕೊಂಡು ದೀಪ ಆರಿಸಿ ಸದ್ದಿಲ್ಲದೆ ಕೂರುವ ಅಭ್ಯಾಸ ಮಾಡುತ್ತದೆ. ಅಷ್ಟು ದೂರವೇಕೆ, ಇಲ್ಲಿಂದ ಕೊಡಗಿಗೆ ವರ್ಗವಾಗಿ ಹೋದ ಮಾಸ್ತರರೂ ಬೆರಗಾಗುತ್ತಾರೆ. ಅಲ್ಲಿ ಹಬ್ಬದ ದಿನ ಮನೆಯ ಪೂಜೆಗೆ ಕೋವಿ ಬೇಕು. ಗಂಡು ಮಗು ಹುಟ್ಟಿದರೆ ಆಕಾಶಕ್ಕೊಂದು ಗುಂಡು, ಮನೆಯ ಹಿರಿಯರು ತೀರಿಕೊಂಡರೆ ಒಂದರ ಹಿಂದೊಂದು ಎರಡು ಗುಂಡು. ಆ ಸದ್ದು ಕೇಳಿಯೇ ಪಕ್ಕದ ಕೇರಿಯವರು ಹೊರಡುತ್ತಾರೆ.

ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2018ರಲ್ಲಿ ದೇಶದೇಶಗಳ ಅಂದಾಜು ಪ್ರಕಟಿಸಿತು. ಪೊಲೀಸರು, ಸೈನಿಕರನ್ನು ಬಿಟ್ಟು ಸಾಮಾನ್ಯ ಜನರ ಕೈಯಲ್ಲಿ ಎಷ್ಟು ಬಂದೂಕುಗಳಿವೆ ಎಂಬ ಲೆಕ್ಕ ಅದು. ಅಮೆರಿಕದಲ್ಲಿ 100 ಜನರಿಗೆ 120, ಅಂದರೆ ತಲೆಗೊಂದಕ್ಕಿಂತ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿ 27ರ ಮೇಲೆ. ಭಾರತದಲ್ಲಿ 5ಕ್ಕೆ ತುಸು ಹೆಚ್ಚು. ಜಪಾನಿನಲ್ಲಿ 0.3. ಭಾರತದ 5ರಲ್ಲೂ ಲೈಸೆನ್ಸಿನ ಲೆಕ್ಕಕ್ಕೆ ಬಂದವು ಒಂದು ಪಾಲು ಮಾತ್ರ, ಉಳಿದದ್ದು ಕಳ್ಳ ಮಾಲು ಎಂಬ ಸಂಗತಿ ಇನ್ನೂ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಇಂಥ ಅಂಕಿ ನೋಡಿದವರು ತಟ್ಟನೆ ಆಡುವ ಮಾತೊಂದಿದೆ: ಅಮೆರಿಕದವರ ಸ್ವಭಾವವೇ ಹಾಗೆ, ನಮ್ಮವರದು ಶಾಂತ ಸ್ವಭಾವ, ಕೊಡವರು ಹುಟ್ಟಾ ವೀರರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ನಮ್ಮ ಪಕ್ಕದಲ್ಲೇ ಇದೆ. ಗಲಗಲಿಯ ಹತ್ತಿರ ಕೃಷ್ಣೆ ದಾಟಿ ಮುಧೋಳದ ಕಡೆ ಹೋದರೆ ಹಲಗಲಿ ಸಿಗುತ್ತದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ಅದೂ ನಮ್ಮ ಜಿಲ್ಲೆಯೇ. ಬಂದೂಕು ಬಿಡಲೊಲ್ಲೆ ಎಂದು ಒಂದಿಡೀ ಊರು ಉರಿದ ಜಾಗ ಅದು.

1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ಎದ್ದ ಮೇಲೆ ಕಂಪನಿ ಸರಕಾರ ಅವಸರದಲ್ಲಿ ಒಂದು ಕಾಯ್ದೆ ತಂದಿತು. ಆಯುಧ ಇದ್ದವರು ಅದನ್ನು ಸರಕಾರಕ್ಕೆ ತೋರಿಸಿ ಬರೆಸಬೇಕು, ಪರವಾನಗಿ ಪಡೆಯಬೇಕು, ಇಲ್ಲದಿದ್ದರೆ ಒಪ್ಪಿಸಬೇಕು. ಜನ ಅದನ್ನು ಕರೆದದ್ದು ನಿಶ್ಶಸ್ತ್ರೀಕರಣದ ಕಾಯ್ದೆ ಎಂದೇ. ಮುಧೋಳ ಘೋರ್ಪಡೆಯವರ ಸಂಸ್ಥಾನ, ಕಂಪನಿಗೆ ಅಧೀನ. ಅದರ ಮೂಲಕ ಹುಕುಂ ಹಲಗಲಿಗೆ ಬಂತು.

ಹಲಗಲಿಯಲ್ಲಿದ್ದವರು ಬೇಡರು. ಈ ಭಾಗದ ಬೇಡರ ಗುರಿ ಬಹಳ ಹಿಂದಿನಿಂದ ಹೆಸರಾದದ್ದು. ಸುರಪುರದ ನಾಯಕರು 1705ರಲ್ಲಿ ವಾಗಿನಗೇರಿಯ ಕೋಟೆಯಲ್ಲಿ ಮುದುಕ ಔರಂಗಜೇಬನ ದೊಡ್ಡ ಸೈನ್ಯವನ್ನು ತಿಂಗಳುಗಟ್ಟಲೆ ತಡೆದದ್ದು ಬೇಡರ ಬಂದೂಕುಗಳ ಬಲದಿಂದಲೇ. ಅವರಿಗೆ ಹತಾರವೆಂದರೆ ಬೇಟೆಯ ಅನ್ನ, ಊರು ಕಾಯುವ ಉದ್ಯೋಗ, ಸೈನ್ಯದಲ್ಲಿ ಸಿಗುವ ಚಾಕರಿ. ಮೂರೂ ಒಂದೇ ನಳಿಗೆಗೆ ಕಟ್ಟಿದ್ದವು. ಅದನ್ನು ಒಯ್ದು ಕಚೇರಿಯಲ್ಲಿ ಇಟ್ಟು ಬಾ ಎಂದರೆ, ಅಥವಾ ಯಾರದು ಎಷ್ಟಿದೆ ಎಂದು ಬರೆಸಿ ಬಾ ಎಂದರೆ, ಅವರ ಪಾಲಿಗೆ ಎರಡೂ ಒಂದೇ ಆಗಿ ಕಂಡಿತು. ಇವತ್ತು ಬರೆಸಿದ್ದನ್ನು ನಾಳೆ ಕಸಿಯುತ್ತಾರೆ ಎಂದು ಅವರು ಲೆಕ್ಕ ಹಾಕಿದರು. ಆ ಲೆಕ್ಕ ತಪ್ಪು ಎನ್ನುವ ಧೈರ್ಯ ನನಗಿಲ್ಲ.

ಸಂಸ್ಥಾನದವರು ಹೇಳಿಕಳಿಸಿದರು, ಒಲಿಸಿ ನೋಡಿದರು. ಹನುಮ, ಬಾಳ, ಜಡಗ, ರಾಮ ಮುಂದಾಳುಗಳಾಗಿ ನಿಂತು ಕೊಡೆವೆಂದರು. ಸುತ್ತಲ ಊರಿನವರೂ ಬಂದು ಸೇರಿದರು. 1857ರ ನವೆಂಬರ್ ಕೊನೆಗೆ ಲೆಫ್ಟಿನೆಂಟ್ ಕರ್ನಲ್ ಮಾಲ್ಕಮ್‌ನ ಸೈನ್ಯ ಊರನ್ನು ಸುತ್ತುವರಿಯಿತು. ಮನೆಗಳಿಗೆ ಬೆಂಕಿ ಬಿತ್ತು. ನೂರರಷ್ಟು ಜನ ಸತ್ತರು, ಸುಮಾರು 290 ಜನ ಸೆರೆಯಾದರು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಹಲಗಲಿಯಲ್ಲೇ, ಸುತ್ತಲಿನ ಜನ ಕಂಡು ಹೆದರಲಿ ಎಂದು. ಮುಂದಿನ ಫೆಬ್ರುವರಿಯಲ್ಲಿ ಕಂಪನಿಯ ವಿರುದ್ಧ ಎದ್ದಿದ್ದ ಸುರಪುರ ಬಿತ್ತು, ಜೂನ್ ಹೊತ್ತಿಗೆ ನರಗುಂದ. ಅಲ್ಲಿಗೆ ನಮ್ಮ ಭಾಗದಲ್ಲಿ ಮನೆಮನೆಯ ಬಂದೂಕಿನ ಕಾಲ ಮುಗಿಯಿತು.

ಹಲಗಲಿಯ ಕಥೆಯನ್ನು ನಮಗೆ ಉಳಿಸಿದ್ದು ಲಾವಣಿ. ಕುರ್ತಕೋಟಿ ಕಲ್ಮೇಶನ ಅಂಕಿತದ ಆ ಹಾಡನ್ನು ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಫ್ಲೀಟ್ ಬ್ರಿಟಿಷ್ ಸರಕಾರದ ಅಧಿಕಾರಿ, ನಮ್ಮ ಶಾಸನಗಳನ್ನೆಲ್ಲ ಓದಿದ ದೊಡ್ಡ ವಿದ್ವಾಂಸ. ಸುಟ್ಟ ಊರಿನ ಹಾಡು ಸುಟ್ಟವರ ಕಡೆಯ ಒಬ್ಬ ಮನುಷ್ಯನ ಶ್ರದ್ಧೆಯಿಂದ ಉಳಿಯಿತು. ಇಂದು ಕರ್ನಾಟಕದ ಹತ್ತನೇ ತರಗತಿಯ ಮಕ್ಕಳು ಅದನ್ನು ಕನ್ನಡ ಪಠ್ಯದಲ್ಲಿ ಓದುತ್ತಾರೆ.

ಹಲಗಲಿಯನ್ನು ನೆನಪಿಟ್ಟುಕೊಂಡು ಅಮೆರಿಕದ ಕಡೆ ನೋಡಿದರೆ ಅವರ ಹಟ ಅರ್ಥವಾಗತೊಡಗುತ್ತದೆ. 1775ರ ಏಪ್ರಿಲ್ 19ರಂದು ಬಾಸ್ಟನ್ನಿನಿಂದ ಹೊರಟ ಬ್ರಿಟಿಷ್ ಸೈನ್ಯ ಕಾಂಕರ್ಡ್ ಎಂಬ ಊರಿನತ್ತ ನಡೆದದ್ದು ರೈತರ ದಳ ಕೂಡಿಟ್ಟಿದ್ದ ಮದ್ದುಗುಂಡು, ಆಯುಧಗಳನ್ನು ಜಪ್ತಿ ಮಾಡಲು. ಅಲ್ಲೂ ಊರವರು ಕೊಡೆವೆಂದರು. ಗುಂಡು ಹಾರಿತು, ಯುದ್ಧ ಹತ್ತಿಕೊಂಡಿತು. ಹಲಗಲಿಗೂ ಕಾಂಕರ್ಡಿಗೂ ನಡುವೆ 82 ವರ್ಷಗಳ ಅಂತರ. ಬಂದವರು ಒಂದೇ ಸಾಮ್ರಾಜ್ಯದವರು, ಕೇಳಿದ್ದು ಒಂದೇ ವಸ್ತು, ಸಿಕ್ಕ ಉತ್ತರವೂ ಒಂದೇ. ಒಂದೇ ವ್ಯತ್ಯಾಸವೆಂದರೆ ಅವರು ಗೆದ್ದರು, ನಮ್ಮವರು ಸೋತರು. ಗೆದ್ದವರು ತಮ್ಮ ನೆನಪನ್ನು ಸಂವಿಧಾನಕ್ಕೆ ಸೇರಿಸಿದರು. 1791ರಲ್ಲಿ ಬಂದ ಎರಡನೆಯ ತಿದ್ದುಪಡಿ, ಆಯುಧ ಇಟ್ಟುಕೊಳ್ಳುವ ಜನರ ಹಕ್ಕಿಗೆ ಭಂಗ ಬರಬಾರದು ಎನ್ನುತ್ತದೆ. ಅದೇ ವಾಕ್ಯದಲ್ಲಿ ಶಿಸ್ತಿನ ನಾಗರಿಕ ದಳದ ಮಾತೂ ಇದೆ. ಹಕ್ಕು ದಳಕ್ಕೋ ಒಬ್ಬೊಬ್ಬನಿಗೋ ಎಂಬ ವಾದ ಇನ್ನೂರು ವರ್ಷ ನಡೆದು, 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಒಬ್ಬೊಬ್ಬನಿಗೂ ಉಂಟು ಎಂದು ತೀರ್ಪಿತ್ತಿತು.

ಹಲಗಲಿಯವರ ಪಟ್ಟಿಯ ಭಯ ಅಲ್ಲಿ ಕಾನೂನೇ ಆಗಿಹೋಗಿದೆ. ಬಂದೂಕು ಮಾಲೀಕರ ಹೆಸರುಗಳ ರಾಷ್ಟ್ರೀಯ ಪಟ್ಟಿ ಮಾಡಕೂಡದು ಎಂದು 1986ರ ಒಂದು ಕಾಯ್ದೆ ಅಮೆರಿಕದ ಕೇಂದ್ರ ಸರಕಾರವನ್ನೇ ತಡೆಯುತ್ತದೆ. ನಮಗೆ ಇದು ವಿಚಿತ್ರ. ಬೈಕಿಗೆ ಆರ್.ಸಿ. ಇರಬೇಕು, ಎಮ್ಮೆಗೂ ಕಿವಿಯೋಲೆ ಇರಬೇಕು, ಬಂದೂಕಿಗೆ ಮಾತ್ರ ಬೇಡವೇ ಎಂದು ಕೇಳುತ್ತೇವೆ. ಬರೆಸಿಕೊಂಡವನು ಒಂದು ದಿನ ಬಾಗಿಲಿಗೆ ಬರುತ್ತಾನೆ ಎಂಬ ಅವರ ಶಂಕೆಯನ್ನು ಹಲಗಲಿಯ ಜಡಗನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಆ ಹಕ್ಕು ಅಮೆರಿಕದಲ್ಲೂ ಎಲ್ಲರದಾಗಿರಲಿಲ್ಲ. ನಮ್ಮಲ್ಲಿ ಹಲಗಲಿ ಉರಿದ 1857ನೇ ಇಸವಿಯಲ್ಲೇ, ಮಾರ್ಚ್ ತಿಂಗಳಲ್ಲಿ, ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಅಲ್ಲಿಯ ಮುಖ್ಯ ನ್ಯಾಯಮೂರ್ತಿ ಟೇನಿ ಕರಿಯರು ಪ್ರಜೆಗಳಾಗಲಾರರು ಎಂದು ತೀರ್ಪು ಬರೆದ. ಅದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಒಂದು, ಪ್ರಜೆ ಎಂದು ಒಪ್ಪಿದರೆ ಅವರೂ ಹೋದಲ್ಲೆಲ್ಲ ಆಯುಧ ಹಿಡಿದು ಓಡಾಡಬಹುದು ಎಂಬುದು. ಎರಡು ಖಂಡಗಳಲ್ಲಿ ಒಂದೇ ವರ್ಷ ಎದ್ದ ಪ್ರಶ್ನೆ ಬಂದೂಕು ಒಳ್ಳೆಯದೋ ಕೆಟ್ಟದ್ದೋ ಎಂಬುದಾಗಿರಲಿಲ್ಲ. ಯಾರ ಕೈಯಲ್ಲಿ ಇರಬಹುದು, ಯಾರ ಕೈಯಲ್ಲಿ ಇರಕೂಡದು ಎಂಬುದೇ ಆಗಿತ್ತು. ಒಂದು ನಾಡಿನ ಜನ ಬಂದೂಕನ್ನು ಹೇಗೆ ಕಾಣುತ್ತಾರೆ ಎಂಬುದು ಈ ಪ್ರಶ್ನೆಗೆ ಅಲ್ಲಿಯ ಪ್ರಭುತ್ವ ಕೊಟ್ಟ ಉತ್ತರದಿಂದ ರೂಪುಗೊಂಡಿದೆ, ರಕ್ತದ ಗುಣದಿಂದಲ್ಲ ಎಂಬುದು ನನ್ನ ನಂಬಿಕೆ.

ಕೊಡಗನ್ನು ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಹಲಗಲಿಗೆ ಗಲ್ಲು ತಂದ ಆ ಕಾಯ್ದೆ ಕೊಡಗಿಗೂ ಅನ್ವಯಿಸಬೇಕಿತ್ತು. 1861ರ ಫೆಬ್ರುವರಿಯಲ್ಲಿ ಮೈಸೂರು–ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್, 1857ರ ಹೊತ್ತಿನಲ್ಲಿ ಕೊಡಗಿನವರು ತೋರಿದ ನಿಷ್ಠೆಯನ್ನೂ ಅವರ ಶೌರ್ಯವನ್ನೂ ಹೊಗಳಿ, ನಿಶ್ಶಸ್ತ್ರೀಕರಣದ ಕಾಯ್ದೆ ಕೊಡಗಿಗೆ ಅನ್ವಯಿಸದು ಎಂದು ಘೋಷಿಸಿದ. ಒಂದೇ ಭಾಷೆಯ ನಾಡಿನ ಎರಡು ತುದಿ, ಒಂದೇ ಕಾಯ್ದೆ. ಒಂದು ಕಡೆ ಬಂದೂಕು ರಾಜದ್ರೋಹದ ಗುರುತು, ಇನ್ನೊಂದು ಕಡೆ ನಂಬಿಕೆಯ ಬಿರುದು. ಹಲಗಲಿಯ ಬೇಡನೂ ಕೊಡವನೂ ಬೇಟೆಗಾರರೇ, ಇಬ್ಬರೂ ಗುರಿಕಾರರೇ, ಇಬ್ಬರ ಮನೆಯಲ್ಲೂ ಆಯುಧಕ್ಕೆ ಪೂಜೆ ನಡೆಯುತ್ತಿತ್ತು.

ಮುಂದಿನ ನೂರರವತ್ತು ವರ್ಷಗಳಲ್ಲಿ ಕೊಡಗಿನಲ್ಲಿ ಆ ವಿನಾಯಿತಿಯ ಸುತ್ತ ಬಾಳಿನ ರೀತಿಯೇ ಬೆಳೆದಿದೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ, ಒಡಿಕತ್ತಿ ಎಲ್ಲವನ್ನೂ ತಿಕ್ಕಿ ತೊಳೆದು ಮನೆಯ ಕನ್ನಿಕೊಂಬರೆ ಎಂಬ ಪೂಜೆಯ ಕೋಣೆಯಲ್ಲಿ ಇಡುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಆ ಕಾಲಕ್ಕೆ ಬೇಲಿಗಳಲ್ಲಿ ಬೆಂಕಿಯ ಬಣ್ಣದಲ್ಲಿ ಅರಳುವ ಹೂವಿಗೆ ತೋಕ್‌ಪೂ ಎಂದೇ ಹೆಸರು, ನಳಿಗೆಗೆ ಅದನ್ನೇ ಸಿಕ್ಕಿಸುತ್ತಾರೆ. ಪೂಜೆಗೆ ಕೂತ ಆಯುಧವನ್ನು ಪೂಜೆ ಮುಗಿಯುವ ತನಕ ಬಳಸುವುದಿಲ್ಲ. ಬಳಿಕ ಹಿರಿಯರು ಕಿರಿಯರ ಕೈಗೆ ಕೊಡುತ್ತಾರೆ, ಊರ ಬಯಲಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಕೈಗೆ ಕೊಡುವವರು ಯಾರು, ಯಾವಾಗ, ಯಾತಕ್ಕೆ ಎಂಬುದು ಅಲ್ಲಿ ಮೊದಲೇ ಗೊತ್ತಾಗಿರುತ್ತದೆ. ಕಾಯ್ದೆಯ ಪುಸ್ತಕ ಮಾಡಬೇಕಾದ ಕೆಲಸದ ಒಂದು ಪಾಲನ್ನು ಅಲ್ಲಿ ಮನೆ ಮಾಡುತ್ತದೆ.

ಇದನ್ನೇ ಸ್ವಿಟ್ಜರ್ಲೆಂಡಿನಲ್ಲಿ ಕಾಣುತ್ತೇವೆ. ಅಲ್ಲಿ ಗಟ್ಟಿಮುಟ್ಟಾದ ಗಂಡಸರೆಲ್ಲ ಸೈನ್ಯದ ಸೇವೆ ಮಾಡಬೇಕು, ಸೈನ್ಯದ ರೈಫಲ್ ಮನೆಯಲ್ಲಿರುತ್ತದೆ. ಜೂರಿಕ್ ನಗರದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ 13ರಿಂದ 17 ವರ್ಷದ ಮಕ್ಕಳ ಗುರಿ ಹಬ್ಬ ನಡೆಯುತ್ತದೆ. 1991ರಿಂದ ಹೆಣ್ಣುಮಕ್ಕಳೂ ಸೇರಿದ್ದಾರೆ. ಬಂದೂಕು ಅಲ್ಲಿ ಸರಕಾರದ ವಿರುದ್ಧ ಇಟ್ಟುಕೊಂಡದ್ದಲ್ಲ, ಸರಕಾರವೇ ನಂಬಿ ಕೊಟ್ಟದ್ದು. ಹಾಗೆಂದು ಅಲ್ಲಿ ಎಲ್ಲವೂ ಚೆಂದವೆಂದು ತಿಳಿಯಬಾರದು. ಸೈನ್ಯದ ಬಂದೂಕಿನಿಂದಲೇ ತಮ್ಮ ಪ್ರಾಣ ಕಳೆದುಕೊಂಡವರು ಬಹಳ. 2003ರಲ್ಲಿ ಸೈನ್ಯದ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ, ಸೇವೆಯ ವಯಸ್ಸಿನ ಗಂಡಸರಲ್ಲಿ ಬಂದೂಕಿನ ಆತ್ಮಹತ್ಯೆಗಳೂ ತಗ್ಗಿದವು. 2007ರಿಂದೀಚೆಗೆ ಸೈನ್ಯದ ಗುಂಡುಗಳನ್ನು ಮನೆಯಲ್ಲಿ ಇಡಲು ಕೊಡುವುದಿಲ್ಲ. ಅಮೆರಿಕದಲ್ಲಿ 2021ರ ಒಂದೇ ವರ್ಷ ಬಂದೂಕಿನಿಂದ ಸತ್ತವರು 48 ಸಾವಿರಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ. ಸುದ್ದಿಯಲ್ಲಿ ಶಾಲೆಯ ಹತ್ಯಾಕಾಂಡಗಳು ಬರುತ್ತವೆ, ಮಲಗುವ ಕೋಣೆಯ ಸಾವುಗಳು ಬರುವುದಿಲ್ಲ. ದುಃಖದ ಒಂದು ಗಳಿಗೆ ದಾಟಿಹೋದರೆ ಬದುಕುವ ಮನುಷ್ಯನಿಗೆ ಆ ಗಳಿಗೆಯಲ್ಲಿ ಬಂದೂಕು ಕೈಗೆಟುಕಿದರೆ ಎರಡನೆಯ ಅವಕಾಶ ಇಲ್ಲ. ಬಂದೂಕಿನ ಪರ ಮಾತಾಡುವವರು ಯಾರೇ ಇರಲಿ, ಮೊದಲು ಈ ಸಾವುಗಳಿಗೆ ಉತ್ತರ ಹೇಳಬೇಕು.

ಜಪಾನ್ ಇನ್ನೊಂದು ತುದಿ. 1588ರಲ್ಲಿ ಅಲ್ಲಿ ಆಳುತ್ತಿದ್ದ ಹಿದೆಯೋಶಿ ರೈತರ ಕತ್ತಿ, ಬಂದೂಕುಗಳನ್ನೆಲ್ಲ ಕೂಡಿಸಿಕೊಂಡ. ಆಯುಧ ಸಮುರಾಯಿಯ ಸೊತ್ತು, ಮಣ್ಣು ರೈತನ ಸೊತ್ತು ಎಂಬ ಗೆರೆ ಅಂದಿನದು. ಇಂದು ಅಲ್ಲಿ ಬೇಟೆಯ ಬಂದೂಕು ಬೇಕೆಂದವನು ತರಗತಿಗೆ ಕೂರಬೇಕು, ಪರೀಕ್ಷೆ ಬರೆಯಬೇಕು, ಗುರಿ ತೋರಿಸಬೇಕು, ಮನಸ್ಸು ಸ್ವಸ್ಥವೆಂದು ವೈದ್ಯರಿಂದ ಬರೆಸಿ ತರಬೇಕು. ಪೊಲೀಸರು ಮನೆಯವರನ್ನೂ ನೆರೆಯವರನ್ನೂ ವಿಚಾರಿಸುತ್ತಾರೆ. ಪಿಸ್ತೂಲಂತೂ ಸಾಮಾನ್ಯರಿಗೆ ಇಲ್ಲವೇ ಇಲ್ಲ. 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆಯನ್ನು ನಾರಾ ನಗರದಲ್ಲಿ ಕೊಂದವನು ಬಂದೂಕನ್ನು ಮನೆಯಲ್ಲಿ ತಾನೇ ಜೋಡಿಸಿಕೊಳ್ಳಬೇಕಾಯಿತು. ಹಾಗಾದರೆ ಕಾಯ್ದೆಯಿಂದ ಏನು ಬಂತು ಎಂದು ಕೇಳಿದವರಿದ್ದರು. ಹನ್ನೆರಡೂವರೆ ಕೋಟಿ ಜನರ ಆ ದೇಶದಲ್ಲಿ ಬಂದೂಕಿನಿಂದ ಸಾಯುವವರು ವರ್ಷಕ್ಕೆ ಬೆರಳೆಣಿಕೆಯಷ್ಟು ಎಂಬುದೇ ಅದಕ್ಕೆ ಉತ್ತರ.

ಮನಸ್ಸು ಬದಲಾಗುವುದೂ ಉಂಟು. 1996ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಅವರ ಶಿಕ್ಷಕಿ ಸತ್ತ ಮೇಲೆ ಬ್ರಿಟನ್ ಮರುವರ್ಷವೇ ಪಿಸ್ತೂಲುಗಳನ್ನು ನಿಷೇಧಿಸಿತು. 1996ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತಾಗ ಆಸ್ಟ್ರೇಲಿಯ ಸರಕಾರ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಜನರಿಂದ ವಾಪಸು ಪಡೆದು ನಾಶ ಮಾಡಿತು. ಆಸ್ಟ್ರೇಲಿಯದ್ದೂ ಕುರಿ ಮೇಯಿಸುವ ಬಯಲಿನ, ಬಂದೂಕು ಹಿಡಿದು ನೆಲೆಯೂರಿದ ಬಿಳಿಯರ ನಾಡೇ. ಅಮೆರಿಕದಂತೆಯೇ ಆಗಬಹುದಿತ್ತು, ಆಗಲಿಲ್ಲ.

ಹಾಗಾದರೆ ನಾವೇಕೆ ಅಮೆರಿಕದ ದಾರಿ ಹಿಡಿಯಲಿಲ್ಲ? ಹಲಗಲಿಯಂಥ ನೆನಪು ನಮಗೂ ಇತ್ತಲ್ಲ? ದಾರಿ ಹಿಡಿಯುವ ಹಂತದ ತನಕ ನಾವು ಹೋಗಿದ್ದೆವು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಕಾಂಗ್ರೆಸ್ಸಿಗೆ ಅದು ದಶಕಗಳ ಕಾಲ ಚುಚ್ಚಿದ ಮುಳ್ಳು. ಅಹಿಂಸೆಯ ಗಾಂಧೀಜಿಯೇ 1918ರಲ್ಲಿ ಖೇಡಾದಲ್ಲಿ, ಬ್ರಿಟಿಷ್ ಆಳ್ವಿಕೆಯ ದುಷ್ಕೃತ್ಯಗಳಲ್ಲಿ ಇಡೀ ದೇಶದ ಆಯುಧ ಕಸಿದ ಈ ಕಾಯ್ದೆಯನ್ನು ಇತಿಹಾಸ ಅತ್ಯಂತ ಕರಾಳವೆಂದು ಎಣಿಸುತ್ತದೆ ಎಂಬರ್ಥದ ಮಾತು ಬರೆದರು. 1931ರ ಕರಾಚಿ ಕಾಂಗ್ರೆಸ್ ಒಪ್ಪಿದ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು.

ಆ ಠರಾವನ್ನು ಸಂವಿಧಾನ ಸಭೆಯಲ್ಲಿ ಮತ್ತೆ ಎತ್ತಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಐ.ಸಿ.ಎಸ್. ಬಿಟ್ಟು ಸುಭಾಷರ ಜೊತೆ ಹೋದವರು. 1948ರ ಡಿಸೆಂಬರ್ ಮೊದಲ ವಾರದಲ್ಲಿ, ಇಂದಿನ 19ನೇ ವಿಧಿಯ ಚರ್ಚೆ ನಡೆದಾಗ, ಆಯುಧ ಹೊಂದುವ ಹಕ್ಕನ್ನು ಸೇರಿಸಬೇಕೆಂದು ಅವರು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಅಂದಿನ ಕಾಯ್ದೆ ಆಳುವವರಿಗೊಂದು, ಆಳಿಸಿಕೊಳ್ಳುವವರಿಗೊಂದು ಎಂಬ ಭೇದ ಮಾಡಿದ್ದರಿಂದ ಆ ಬೇಡಿಕೆ ಹುಟ್ಟಿತ್ತು, ಈಗ ಸ್ಥಿತಿ ಬದಲಾಗಿದೆ. ಪ್ರತಿಯೊಬ್ಬನೂ ಪೇಟೆಗೆ ಹೋಗಿ ತನಗೆ ಬೇಕಾದ ಆಯುಧ ಕೊಳ್ಳುವ ಹಕ್ಕು ಪಡೆದರೆ ರಾಜ್ಯ ನಡೆಯುವುದು ಹೇಗೆ? ಇದು ಅವರ ವಾದದ ತಿರುಳು.

ಆ ದಿನಗಳನ್ನು ನೆನೆಯಬೇಕು. ಗಾಂಧೀಜಿ ಎದೆಗೆ ಪಿಸ್ತೂಲಿನ ಗುಂಡು ಬಿದ್ದು ಹತ್ತು ತಿಂಗಳಾಗಿತ್ತು. ದೇಶ ವಿಭಜನೆಯ ರಕ್ತ ಆರಿರಲಿಲ್ಲ. ನಮ್ಮ ಜಿಲ್ಲೆಯ ಅಂಚಿನಾಚೆ ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿ ಅಡಗಿ ಮೂರು ತಿಂಗಳೂ ತುಂಬಿರಲಿಲ್ಲ. ಖಾಸಗಿ ದಳಗಳ ಕೈಗೆ ಬಂದೂಕು ಬಂದರೆ ಏನಾಗುತ್ತದೆ ಎಂಬುದನ್ನು ಸಭೆಯಲ್ಲಿದ್ದವರೆಲ್ಲ ಕಣ್ಣಾರೆ ಕಂಡಿದ್ದರು. ಕಾಮತರ ತಿದ್ದುಪಡಿ ಬಿದ್ದುಹೋಯಿತು. ನಮ್ಮ ಸಂವಿಧಾನದ ಆ 19ನೇ ವಿಧಿಯಲ್ಲಿ ಆಯುಧದ ಪ್ರಸ್ತಾಪ ಇರುವುದು ಶಾಂತಿಯಿಂದ, ನಿರಾಯುಧರಾಗಿ ಸಭೆ ಸೇರುವ ಹಕ್ಕಿನ ಮಾತಿನಲ್ಲಿ. ಅಮೆರಿಕದವರಿಗೆ ಪ್ರಭುತ್ವದ ಮೇಲಿನ ಸಂಶಯ ದೊಡ್ಡದಾಗಿತ್ತು, ನಮ್ಮ ಹಿರಿಯರಿಗೆ ಬಲಾಢ್ಯ ನೆರೆಯವನ ಭಯ ದೊಡ್ಡದಾಗಿತ್ತು. ಜಾತಿ ಮತ್ತು ಜಮೀನಿನ ಬಲದ ಮೇಲೆ ನಿಂತ ಊರುಗಳಲ್ಲಿ ಬಂದೂಕಿನ ಹಕ್ಕು ಎಲ್ಲರದೂ ಆದರೆ ಅದು ಮೊದಲು ಯಾರ ವಾಡೆ ಸೇರುತ್ತಿತ್ತು, ಅದರ ಬಾಯಿ ಯಾರ ಕೇರಿಯ ಕಡೆ ತಿರುಗುತ್ತಿತ್ತು ಎಂಬುದನ್ನು ಅಂಬೇಡ್ಕರರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವರ ನಿಲುವು ಸರಿ ಎಂದೇ ನಾನು ತಿಳಿದಿದ್ದೇನೆ.

ಆ ನಿಲುವಿನಿಂದ ಬಂದದ್ದು 1959ರ ಶಸ್ತ್ರಾಸ್ತ್ರ ಕಾಯ್ದೆ. ಬಂದೂಕು ಹಕ್ಕಲ್ಲ, ಅನುಮತಿ. ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕೊಡಬೇಕು, ಪೊಲೀಸರ ವರದಿ ಬೇಕು. 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಮಿತಿಯನ್ನು ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಹುರುಪಿಗೆ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಎಂದಿತು.

ಕಾಯ್ದೆ ಗಟ್ಟಿಯಿದೆ, ಆದರೆ ಅದು ಗಟ್ಟಿಯಾಗಿರುವುದು ಕಚೇರಿಗೆ ಅರ್ಜಿ ಹಿಡಿದು ಹೋಗುವವನ ಪಾಲಿಗೆ. ನಮ್ಮ ಜಿಲ್ಲೆಯ ನೋವು ಕಂಟ್ರಿ ಪಿಸ್ತೂಲು. ಇಂಡಿ, ಚಡಚಣ, ಆಲಮೇಲ, ಅಫಜಲಪುರದ ಸೀಮೆಗೆ ಭೀಮಾತೀರದ ಹಂತಕರು ಎಂಬ ಹಣೆಪಟ್ಟಿ ಅಂಟಿಸಿ ಪತ್ರಿಕೆಗಳು, ಸಿನಿಮಾಗಳು ಉಂಡಿವೆ. ಲಿಂಬೆ ಬೆಳೆದು, ಕಬ್ಬು ಬೆಳೆದು ಬಾಳುವ ಅಲ್ಲಿಯ ಲಕ್ಷಾಂತರ ಜನಕ್ಕೆ ಆ ಹೆಸರು ಅವಮಾನ. ಆದರೂ ಸಂಗತಿ ಸುಳ್ಳಲ್ಲ. ಪೊಲೀಸರು ಮತ್ತೆ ಮತ್ತೆ ನಾಡಪಿಸ್ತೂಲು, ಜೀವಂತ ಗುಂಡುಗಳನ್ನು ಹಿಡಿಯುತ್ತಾರೆ, ಮೂಲ ಹುಡುಕಿದರೆ ಎಳೆ ಬಹಳ ಸಲ ಮಧ್ಯಪ್ರದೇಶದ ಖರ್ಗೋನ್, ಬಡವಾನಿ ಕಡೆ ಹೋಗುತ್ತದೆ. ದೇಶದ ಅಪರಾಧ ದಾಖಲೆಗಳಲ್ಲೂ ವರ್ಷವರ್ಷ ಕಾಣುವುದು ಇದೇ: ಬಂದೂಕಿನ ಕೊಲೆಗಳಲ್ಲಿ ಬಹುಪಾಲು ಲೈಸೆನ್ಸ್ ಇಲ್ಲದ ಆಯುಧದಿಂದ ಆದವು.

ಅಂಥ ಒಂದು ಪಿಸ್ತೂಲು 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲಲ್ಲಿ ಸಿಡಿಯಿತು. ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿ, ವಚನಗಳನ್ನೂ ಶಾಸನಗಳನ್ನೂ ಬಗೆದು ನೋಡುವುದನ್ನು ನಮಗೆ ಕಲಿಸಿದವರು ಅವರು. ಎರಡು ವರ್ಷದ ಬಳಿಕ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಕೊಲೆಯಾಯಿತು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ತಿಳಿಸಿದೆ. ವಿಜಯಪುರದ ಮಣ್ಣಿನಲ್ಲಿ ಹುಟ್ಟಿದ ಕಲಬುರ್ಗಿಯವರಂಥ ವಿದ್ವಾಂಸ ಮತ್ತೊಬ್ಬ ಯಾವಾಗ ಬರುತ್ತಾನೋ ಕಾಣೆ. ಬಂದೂಕಿದ್ದರೆ ಜನ ಸ್ವತಂತ್ರರಾಗಿರುತ್ತಾರೆ ಎಂಬ ಅಮೆರಿಕದ ಮಾತನ್ನು ಕೇಳಿದಾಗಲೆಲ್ಲ ನನಗೆ ಧಾರವಾಡದ ಆ ಬಾಗಿಲು ಕಣ್ಣಿಗೆ ಬರುತ್ತದೆ. ಮಾತಿಗೆ ಮಾತಿನಿಂದ ಉತ್ತರ ಹೇಳಲಾಗದವರಿಗೆ ಆ ಪಿಸ್ತೂಲು ಎಷ್ಟು ಸುಲಭವಾಗಿ ಸಿಕ್ಕಿತು!

ಇತ್ತ ರೈತನ ಪಾಡು ಬೇರೆ. 1959ರ ಕಾಯ್ದೆಯ 13ನೇ ಕಲಮಿನಲ್ಲೇ ಬೆಳೆ ರಕ್ಷಣೆಗಾಗಿ ಕೇಪಿನ ಬಂದೂಕಿಗೆ ಅವಕಾಶವಿದೆ. ಮಲೆನಾಡಿನಲ್ಲಿ ಅಡಿಕೆ, ಬಾಳೆ ತೋಟದವರು ಅದನ್ನು ತಲೆಮಾರಿನಿಂದ ಇಟ್ಟುಕೊಂಡಿದ್ದಾರೆ. ಕೊಲ್ಲುವುದಕ್ಕಿಂತ ಸದ್ದು ಮಾಡುವುದಕ್ಕೇ ಅದು ಹೆಚ್ಚು ಬಳಕೆ. 1972ರ ವನ್ಯಜೀವಿ ಕಾಯ್ದೆಯ ಬಳಿಕ ಬೇಟೆ ಅಪರಾಧ, ಆಗಲೇಬೇಕಿತ್ತು ಅದು. ಆದರೆ ಚುನಾವಣೆ ಘೋಷಣೆಯಾದಾಗೆಲ್ಲ ಆ ಬಂದೂಕನ್ನು ಹೊತ್ತು ಠಾಣೆಗೆ ಹೋಗಿ ಇಟ್ಟು ಬರಬೇಕು. ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ, ಕಾಡುಹಂದಿಗೆ ನೀತಿಸಂಹಿತೆ ಗೊತ್ತಿಲ್ಲ. ಒಂದು ಅಪರಾಧವೂ ಇಲ್ಲದ ಅರವತ್ತು ವರ್ಷದ ಕೃಷಿಕನನ್ನು ಮತಗಟ್ಟೆ ಕೆಡಿಸುವ ಪುಂಡನ ಸಾಲಿನಲ್ಲಿ ನಿಲ್ಲಿಸುವುದು ಅವನಿಗೆ ನೋವು ತರುತ್ತದೆ. ಯಾರಿಂದ ಅಪಾಯವಿದೆ ಎಂದು ಒಬ್ಬೊಬ್ಬರನ್ನೇ ನೋಡಿ ನಿರ್ಧರಿಸಿದರೆ ಠಾಣೆಯವರ ಹೊರೆಯೂ ಇಳಿಯುತ್ತದೆ.

ಕೊಡಗಿನ ವಿನಾಯಿತಿಯನ್ನು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದು ಇಲ್ಲಿ ಮುಖ್ಯ. ಹುಟ್ಟಿನ ಆಧಾರದ ಮೇಲೆ, ವಂಶಪರಂಪರೆಯ ಜಮ್ಮಾ ಭೂಮಿಯ ಆಧಾರದ ಮೇಲೆ ಒಂದು ಜನಕ್ಕೆ ಲೈಸೆನ್ಸ್ ಬೇಡವೆನ್ನುವುದು ಸಮಾನತೆಗೆ ವಿರುದ್ಧ ಎಂಬುದು ವಾದ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಪರಂಪರೆ ಹಳೆಯದು, ವಿನಾಯಿತಿ ಕಾಲಮಿತಿಯದು, ಷರತ್ತಿನದು ಎಂದಿತು. ತೀರ್ಪಿನಿಂದ ಕೊಡಗಿಗೆ ಸಮಾಧಾನವಾಯಿತು, ನನಗೂ ಅದು ಸರಿಯೆನಿಸಿತು. ಆದರೆ ಆ ವಿನಾಯಿತಿಯ ಬೇರು ಕಬ್ಬನ್ ಬರೆದ ನಿಷ್ಠೆಯ ಹೊಗಳಿಕೆಯಲ್ಲಿದೆ ಎಂಬುದನ್ನು ಹಲಗಲಿಯ ಪಕ್ಕದಲ್ಲಿ ಹುಟ್ಟಿದವರು ಮರೆಯಲಾಗದು. ಕೇಂದ್ರ ಸರಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿದೆ. ಮುಂದಿನ ಸಲ ಕಡತ ತೆರೆದಾಗ, ಬಂದೂಕನ್ನು ತಲೆಮಾರುಗಳಿಂದ ಜೋಪಾನವಾಗಿ ಇಟ್ಟುಕೊಂಡು, ಬರೆಸಿ, ತಪ್ಪಿಲ್ಲದೆ ಬಾಳಿದ್ದೇ ವಿನಾಯಿತಿಗೆ ಕಾರಣವಾಗಿ ನಮೂದಾಗಬೇಕು. ಅದೇ ಅಳತೆಯಲ್ಲಿ ತೀರ್ಥಹಳ್ಳಿಯ ಅಡಿಕೆ ಬೆಳೆಗಾರನ ಕೇಪಿನ ಕೋವಿಯನ್ನೂ, ಮುಧೋಳ ತಾಲ್ಲೂಕಿನ ರೈತನ ಅರ್ಜಿಯನ್ನೂ ನೋಡಬೇಕು. ಲೈಸೆನ್ಸ್ ಇಲ್ಲದೆ ನಾಡಪಿಸ್ತೂಲು ಇಟ್ಟುಕೊಂಡವನಿಗೆ ಕಾಯ್ದೆಯಲ್ಲಿ ಎರಡರಿಂದ ಐದು ವರ್ಷದ ಶಿಕ್ಷೆ ಬರೆದಿದೆ, ತಯಾರಿಸಿ ಮಾರಿದವನಿಗೆ ಏಳು ವರ್ಷದಿಂದ ಜೀವಾವಧಿಯ ತನಕ. ವಿಜಯಪುರದ ಪೊಲೀಸರು ಹಿಡಿದ ಪಿಸ್ತೂಲುಗಳ ಜಾಡು ಹಿಡಿದು ಅವುಗಳನ್ನು ಬೆಸೆದ ಕುಲುಮೆಯ ತನಕ ಹೋಗುವುದು ಎರಡು ರಾಜ್ಯಗಳ ಪೊಲೀಸರು ಕೂಡಿ ಮಾಡಬೇಕಾದ ಕೆಲಸ, ಅದು ಇನ್ನೂ ಬಾಕಿ ಇದೆ.